ಪರದೆಯ ಕೆಳಗೆ ಉಳಿದ ಒಪ್ಪಿಗೆ

“ಇದ್ರೊಳಗ ಏಳು ಫೋನ್ ಅವರೀ. ಒಂದರಾಗಾದ್ರೂ ನಿಮ್ಮ ಆ್ಯಪ್ ತೆಗೆದು ತೋರಿಸ್ರಿ, ನಾ ಸುಮ್ನ ಹೋಗ್ತೀನಿ.”

ಹೀಗೆಂದವಳೇ ಮೀನಲ ತನ್ನ ಬಟ್ಟೆಚೀಲವನ್ನು ಮೇಜಿನ ಮೇಲೆ ಬಗ್ಗಿಸಿದಳು. ಅಂಗೈಯೊಳಗೆ ಮುಚ್ಚಿಡಬಹುದಾದಂಥ ಏಳು ಹಳೇ ಫೋನುಗಳು ಉರುಳಿ ಬಿದ್ದವು. ಒಂದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿತ್ತು, ಇನ್ನೊಂದರ ಒಡೆದ ಗಾಜಿಗೆ ಟೇಪು ಅಂಟಿಸಿತ್ತು.

ಮೇಜಿನ ಆಚೆ ಕೂತಿದ್ದ ವಿರೂಪಾಕ್ಷ ಬಾಯಿಯ ಹತ್ತಿರ ಒಯ್ದ ಚಹಾದ ಕಪ್ಪನ್ನು ಅಲ್ಲೇ ಹಿಡಿದು ಕೂತ. ಉದಗೀರದ ಆ ಒಂದು ಕೋಣೆಯ ಆಫೀಸಿಗೆ ಇಲ್ಲಿಯವರೆಗೆ ಯಾರೂ ಜಗಳಕ್ಕೆಂದು ಬಂದಿರಲಿಲ್ಲ. ಅದೂ ಉಮರ್ಗಾದಿಂದ ನಿಲಂಗಾ ಸುತ್ತಿ, ಎರಡು ಬಸ್ಸು ಬದಲಿಸಿ, ಬೆವರು ಒರೆಸಿಕೊಳ್ಳುವಷ್ಟೂ ಪುರುಸೊತ್ತಿಲ್ಲದೆ!

ಮೀನಲ ಗಡಿಭಾಗದ ದಾಳಿಂಬ ಎಂಬ ಹಳ್ಳಿಯವಳು. ಉಮರ್ಗಾದಲ್ಲಿ ರೈತ ಮಹಿಳೆಯರ ಒಂದು ಸಂಘದ ಕೆಲಸ ನೋಡಿಕೊಳ್ಳುತ್ತಿದ್ದಳು. ಸೋಯಾಬೀನ್ ಮಾರಲು ಸರದಿ ಹಚ್ಚುವುದಕ್ಕೆ ಆ ಸಂಘ ವಿರೂಪಾಕ್ಷನ ಕೈಯಲ್ಲಿ ಒಂದು ಆ್ಯಪ್ ಮಾಡಿಸಿತ್ತು. ದೊಡ್ಡ ಫೋನಿನವರೆಲ್ಲ ಸರದಿ ಹಚ್ಚಿ ಮುಗಿಸಿದ್ದರು. ಈ ಏಳು ಹೆಂಗಸರು ಹುಡುಕಿದರೆ ಮಾತ್ರ, ನಿಮ್ಮ ಫೋನಿಗೆ ಈ ಆ್ಯಪ್ ಸಿಗುವುದಿಲ್ಲ ಎಂಬ ಒಂದೇ ಸಾಲು ಬರುತ್ತಿತ್ತು.

ವಿರೂಪಾಕ್ಷ ತಿಳಿಸಿ ಹೇಳಲು ನೋಡಿದ. ಪರದೆ ಇಷ್ಟು ಸಣ್ಣದಾದರೆ ಅಕ್ಷರದ ಮೇಲೆ ಅಕ್ಷರ ಬೀಳುತ್ತದೆ, ಕೆಳಗಿನ ಗುಂಡಿ ಪರದೆಯ ಹೊರಗೇ ಹೋಗಿಬಿಡುತ್ತದೆ. ಅದಕ್ಕೇ ಸಣ್ಣ ಫೋನುಗಳಿಗೆ ಕೊಡಬೇಡ ಎಂದು ತಾನೇ ಒಂದು ಸಾಲು ಬರೆದಿಟ್ಟಿದ್ದೇನೆ ಅಂದ.

“ಸಣ್ಣ ಫೋನಿನವ್ರ ಸೋಯಾಬೀನ್ ಏನ್ ಸಣ್ಣದಿರ್ತದೇನ್ರಿ?”

ವಿರೂಪಾಕ್ಷನ ಕಿವಿಗಳು ಕೆಂಪಾದವು. ಅದನ್ನು ಕಂಡು ಮೀನಲಳಿಗೆ ನಗು ಬಂತು, ನಗು ಬಂದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಜಗಳಕ್ಕೆ ಬಂದವಳು ಎದುರಿನವನ ಕಿವಿ ನೋಡುತ್ತ ನಿಲ್ಲುವುದೆಂದರೆ ಏನು ಕಥೆ!

ಕಥೆ ಇದೇ ನೋಡಿ. ಅದು ಶುರುವಾದದ್ದೇ ಹಾಗೆ.

ಆ ಒಂದು ಸಾಲನ್ನು ವಿರೂಪಾಕ್ಷ ಅಳಿಸಿದ. ಸಣ್ಣ ಪರದೆಗೆ ಬೇರೆ, ನಡುವಿನದಕ್ಕೆ ಬೇರೆ, ದೊಡ್ಡದಕ್ಕೆ ಬೇರೆ ಎಂದು ಪುಟಗಳನ್ನು ಹೊಸದಾಗಿ ಕಟ್ಟತೊಡಗಿದ. ಒಂದೊಂದು ಪುಟ ಮುಗಿದಾಗಲೂ ಮೊದಲು ಮೀನಲಳಿಗೆ ಕಳಿಸುತ್ತಿದ್ದ. ಅವಳು ಶನಿವಾರ ದಾಳಿಂಬದ ಸಭಾಮಂಟಪದಲ್ಲಿ ಹೆಂಗಸರನ್ನು ಕೂಡಿಸಿ, ಏಳೂ ಫೋನುಗಳಲ್ಲಿ ತೆಗೆದು ನೋಡಿ, ಎಲ್ಲಿ ಏನು ಕತ್ತರಿಸಿಹೋಗಿದೆ ಎಂದು ಫೋಟೋ ಹಿಡಿದು ಕಳಿಸುತ್ತಿದ್ದಳು.

ಮೊದಮೊದಲು ಮಾತೆಲ್ಲ ಗುಂಡಿಯದು, ಅಕ್ಷರದ್ದು. ಆಮೇಲೆ ಊಟ ಆಯಿತೇ ಎಂಬುದು ಸೇರಿಕೊಂಡಿತು. ಅವನು ಮೂಲ ಜಳಕೋಟದವನು, ತಾಯಿ ಅಲ್ಲೇ ಇದ್ದಾಳೆ, ತಂಗಿ ಸಾರಿಕಾ ಜೊತೆಗೇ ಕೂತು ಆ್ಯಪಿನ ಚಿತ್ರ ಬಿಡಿಸುತ್ತಾಳೆ ಎಂಬುದೆಲ್ಲ ತಿಳಿಯಿತು. ಅವನಿಗೆ ಶೇಂಗಾ ಹಿಂಡಿ ಇದ್ದರೆ ಮೂರು ರೊಟ್ಟಿ ಹೋಗುತ್ತವೆಂಬುದೂ ತಿಳಿಯಿತು. ಅದು ಯಾವ ಆ್ಯಪಿಗೆ ಬೇಕಾಗಿತ್ತೋ!

ಒಮ್ಮೆ ಉಮರ್ಗಾದ ಬಸ್‌ಸ್ಟ್ಯಾಂಡಿನಲ್ಲಿ ಅವನು ಅಂದಿದ್ದ: “ಇನ್ ಮ್ಯಾಲ ನಾ ಮಾಡೂ ಯಾವ ಆ್ಯಪೂ ಸಣ್ಣ ಫೋನಿಗೆ ಬಾಗಿಲ ಹಾಕಲ್ಲ. ನಿನ್ನ ಮ್ಯಾಲ ಆಣಿ.”

ಆಣೆ ಇಡುವುದಕ್ಕೆ ಅವನಿಗೆ ತಾನೇ ಸಿಕ್ಕೆನಲ್ಲ ಎಂದು ಮೀನಲಳ ಎದೆ ತುಂಬಿ ಬಂತು. ಇನ್ನೂ ಏನೋ ಹೇಳುವವನಂತೆ ಅವನು ತುಟಿ ತೆರೆದ... ಅಷ್ಟರಲ್ಲಿ ಉದಗೀರದ ಬಸ್ಸು ಬಂದೇಬಿಟ್ಟಿತು.

ಡಿಸೆಂಬರಿನಲ್ಲಿ ಉದಗೀರದಲ್ಲಿ ಸಮಾಜದ ವಧು-ವರ ಮೇಳಾವಾ, ಅಂದರೆ ಸಮಾವೇಶ, ಇತ್ತು. ಸಂಬಂಧ ಕೇಳುವುದಕ್ಕೂ ಉತ್ತರ ಕೊಡುವುದಕ್ಕೂ ಈ ಸಲ ಸಮಿತಿಯವರು ಆ್ಯಪ್ ಮಾಡಿಸಿದ್ದರು, ಅದನ್ನೂ ವಿರೂಪಾಕ್ಷನ ಕೈಯಲ್ಲೇ. ಹುಡುಗಿಯ ನಂಬರು ಕೊಡುವಂತಿಲ್ಲ, ಅಪ್ಪನದೇ ಕೊಡಬೇಕು ಎಂಬುದು ಸಮಿತಿಯ ಕಟ್ಟಳೆ. ಕಾಶೆಪ್ಪ, ಅಂದರೆ ಮೀನಲಳ ಅಪ್ಪ, ತನ್ನ ಫೋನಿನಲ್ಲಿ ಮಗಳ ಹೆಸರು ಹಚ್ಚಿಸಿ ಬಂದಿದ್ದ. ಮೀನಲ ಬೇಡ ಅನ್ನಲಿಲ್ಲ. ವಿರೂಪಾಕ್ಷನ ಹೆಸರೂ ಅದರಲ್ಲಿದೆ ಎಂಬುದು ಅವಳಿಗೆ ಗೊತ್ತಿತ್ತು. ಅವಳು ಒಳಗೊಳಗೇ ದಿನ ಎಣಿಸುತ್ತಿದ್ದಳು.

ಮೇಳಾವಾ ಮುಗಿದ ವಾರದಲ್ಲಿ ವಿರೂಪಾಕ್ಷನ ಫೋನು ನಿಂತುಹೋಯಿತು.

ಇವಳು ಕರೆ ಮಾಡಿದರೆ ಎತ್ತುತ್ತಿರಲಿಲ್ಲ. ಸಂದೇಶ ಓದಿದ ಗುರುತು ಬರುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ಹೊಸ ಪುಟಗಳನ್ನು ಸಾರಿಕಾ ಕಳಿಸತೊಡಗಿದಳು, ಊಟದ ವಿಚಾರಣೆಯಿಲ್ಲದೆ.

‘ಯಾರೋ ಸಿಕ್ಕಿರಬೇಕು... ಮೇಳಾವಾದಾಗ ಉದಗೀರದ ಯಾರೋ ಚೆಂದದ ಹುಡುಗಿ... ನಾನೇ ಹುಚ್ಚಿ. ಆಣೆ ಇಟ್ಟದ್ದು ಫೋನಿನ ಮಾತಿಗೆ, ನನಗಲ್ಲ.’ ಹೀಗೆ ಅಂದುಕೊಂಡು ಅವಳು ಸಂಘದ ಹಿತ್ತಲಿನಲ್ಲಿ ಒಬ್ಬಳೇ ನಿಂತು ಅತ್ತಳು. ಮುಖ ತೊಳೆದುಕೊಂಡು ಮತ್ತೆ ಬಂದು ಹೆಂಗಸರ ಅರ್ಜಿ ತುಂಬಿಸಿದಳು.

ಮನೆಯಲ್ಲಿ ಅಪ್ಪನೂ ಒಂದು ಥರ ಆಗಿದ್ದ. ದಾರಿಯಲ್ಲಿ ಆಟೋ ನಿಂತ ಸಪ್ಪಳವಾದರೆ ಎದ್ದು ಬಾಗಿಲಿಗೆ ಹೋಗುತ್ತಿದ್ದ. ತೊಳೆದ ಧೋತರವನ್ನು ದಿನವೂ ಗೂಟಕ್ಕೆ ಹಾಕಿಸಿಡುತ್ತಿದ್ದ. ಅವ್ವ ಪ್ರೇಮಾಬಾಯಿ ಯಾಕೆಂದು ಕೇಳಿದರೆ ಸುಮ್ಮನೆ ಎಂದುಬಿಡುತ್ತಿದ್ದ.

ಎರಡು ತಿಂಗಳು ಕಳೆದವು. ಸೋದರತ್ತೆಯ ಕಡೆಯಿಂದ ನಿಲಂಗಾದ ಸಂಬಂಧ ಬಂತು. ಹುಡುಗ ಜ್ಞಾನೇಶ್ವರ, ಶಾಲಾ ಮಾಸ್ತರ, ಒಳ್ಳೆಯ ಮನೆತನ. ಕಾಶೆಪ್ಪ ಮಗಳನ್ನು ಕೇಳಿದ. ಮೀನಲ ನೆಲ ನೋಡುತ್ತ, ನಿಮ್ಮ ಇಚ್ಛಾ ಅಂದಳು. ಹಿಡಿದುಕೊಳ್ಳಲು ಅವಳ ಕೈಯಲ್ಲಿ ಏನಿತ್ತು, ಹೇಳಿ? ಗುರುವಾರ ನಿಲಂಗಾದವರು ಸಾಖರಪುಡಾ ತಂದು, ಸಕ್ಕರೆ ಹಂಚಿ, ಮಾತು ಗಟ್ಟಿ ಮಾಡುವುದೆಂದು ನಿಶ್ಚಯವಾಯಿತು.

ಆ ವಾರದ ಸೋಮವಾರ ಸಾರಿಕಾ ಸಂಘದ ಹೆಂಗಸರಿಗೆ ಕಲಿಸಲು ಉಮರ್ಗಾಕ್ಕೆ ಬಂದಳು. ಇಡೀ ದಿನ ಮೀನಲಳ ಮುಖವನ್ನೇ ನೋಡಲಿಲ್ಲ. ಸಂಜೆ ಮೀನಲ ತಡೆಯಲಾರದೆ, ನಿಮ್ಮಣ್ಣ ಹೇಗಿದ್ದಾರೆ ಎಂದು ಕೇಳಿಬಿಟ್ಟಳು.

ಸಾರಿಕಾ ತಿರುಗಿ ನಿಂತಳು. “ಬ್ಯಾಡ ಅಂದ ಮ್ಯಾಲ ಹ್ಯಾಂಗಿದ್ರ ನಿಮಗೇನ್ರಿ? ಮೇಳಾವಾದಾಗ ಅಂವಾ ಒಬ್ಬಾಕಿನ್ನೇ ಕೇಳಿದ್ದ. ನಿಮ್ಮನ್ನ. ಎರಡು ತಾಸಿನಾಗ ನಿಮ್ಮ ಮನಿಯಿಂದ ಬ್ಯಾಡ ಅಂತ ಬಂತು.”

ಮೀನಲ ತನಗೆ ಏನೂ ಗೊತ್ತಿಲ್ಲ ಎನ್ನಲು ಹೋದಳು. ಅಷ್ಟರಲ್ಲಿ ಸಾರಿಕಾ ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು.

‘ಅಪ್ಪ ಬ್ಯಾಡ ಅಂದಾರ... ನನ್ನ ಒಂದು ಮಾತು ಕೇಳದೆ!’

ಆಟೋದಲ್ಲಿ ಕೂತು ದಾಳಿಂಬ ಮುಟ್ಟುವವರೆಗೆ ಅವಳಿಗೆ ಅಪ್ಪನ ಮೇಲೆ ಎಂದೂ ಬಾರದ ಸಿಟ್ಟು. ಮನೆಗೆ ಬಂದರೆ ಕಾಶೆಪ್ಪ ಅಂಗಳದಲ್ಲಿ ಟ್ರ್ಯಾಕ್ಟರಿಗೆ ಗ್ರೀಸು ಹಚ್ಚುತ್ತಿದ್ದ. ಫೋನು ಕಟ್ಟೆಯ ಮೇಲಿತ್ತು. ಮೀನಲ ಅದನ್ನೆತ್ತಿಕೊಂಡು ಒಳಗೆ ಹೋಗಿ ಮೇಳಾವಾದ ಆ್ಯಪ್ ತೆರೆದಳು.

ಪಟ್ಟಿಯಲ್ಲಿ ವಿರೂಪಾಕ್ಷನ ಹೆಸರಿತ್ತು. ಪಕ್ಕದಲ್ಲಿ ‘ನೀವು ಬೇಡ ಎಂದಿದ್ದೀರಿ’ ಎಂದಿತ್ತು. ಅದರ ಕೆಳಗೆ ಲೋಹಾರಾದ ಇನ್ನೊಬ್ಬ ಹುಡುಗ ಕೇಳಿದ್ದು ಉತ್ತರವಿಲ್ಲದೆ ಹಾಗೇ ಉಳಿದಿತ್ತು. ಅವಳು ಅದನ್ನು ಒತ್ತಿ ನೋಡಿದಳು.

ಅಪ್ಪನದು ಆ ಏಳು ಫೋನುಗಳ ಜಾತಿಯದೇ ಸಣ್ಣ ಫೋನು. ಅದರ ಮೇಲೆ ಅಕ್ಷರವನ್ನು ಅವನು ಎಷ್ಟು ದೊಡ್ಡದಾಗುತ್ತದೋ ಅಷ್ಟು ದೊಡ್ಡದು ಮಾಡಿಟ್ಟಿದ್ದ. ಹುಡುಗನ ಫೋಟೋ, ಹೆಸರು, ಊರು ಇಷ್ಟಕ್ಕೇ ಪರದೆ ತುಂಬಿಹೋಗಿತ್ತು. ಎಲ್ಲಕ್ಕೂ ಕೆಳಗೆ ಒಂದೇ ಒಂದು ಗುಂಡಿ. ಅದರ ಮೇಲೆ ‘ಬೇಡ’ ಎಂದು ಬರೆದಿತ್ತು.

ಮೀನಲ ಪುಟವನ್ನು ಬೆರಳಿನಿಂದ ಮೇಲೆ ತಳ್ಳಿದಳು. ಸರಿಯಲಿಲ್ಲ. ಫೋನು ಅಡ್ಡ ಹಿಡಿದಳು. ಆಗಲೂ ಅಷ್ಟೇ. ಕಣ್ಣಿಗೆ ಹತ್ತಿರ ಹಿಡಿದಾಗ ಪರದೆಯ ತೀರಾ ಅಂಚಿನಲ್ಲಿ ನೂಲಿನೆಳೆಯಷ್ಟು ಹಸಿರು ಬಣ್ಣ ಕಂಡಿತು. ಒಪ್ಪಿಗೆಯ ಗುಂಡಿ ಅದರ ಕೆಳಗಿತ್ತು, ಯಾರ ಬೆರಳೂ ಮುಟ್ಟದಲ್ಲಿ.

ಅವಳು ಅಂಗಳಕ್ಕೆ ಬಂದು, ಮೇಳಾವಾದ ಮೇಲೆ ಯಾರಾದರೂ ಕೇಳಿದ್ದರೇ ಎಂದು ಅಪ್ಪನನ್ನು ವಿಚಾರಿಸಿದಳು.

ಕಾಶೆಪ್ಪ ಕೈ ಒರೆಸಿಕೊಂಡ. “ಒಬ್ಬ ಹುಡುಗ ಕೇಳಿದ್ದ. ಉದಗೀರದಾಂವ, ನಿಮ್ಮ ಆ್ಯಪ್ ಮಾಡಿದ್ನಲ, ಅಂವಾನೇ. ನನಗ ಭಾಳ ಪಸಂದ್ ಬಿದ್ದಿದ್ದ. ನಾ ಹೂಂ ಅಂತ ಆವಾಗೇ ಒತ್ತೀನಿ. ಅವರ ಹಿರಿಯಾರು ಮನಿಗಿ ಬರಬೇಕಲ? ಬರಲೇ ಇಲ್ಲ. ಬಂದ ಮ್ಯಾಲ ನಿನಗ ಹೇಳಬೇಕಂತ ಸುಮ್ನಿದ್ದೆ... ಬಿಡು, ದೊಡ್ಡೋರ ಮನಿ ಏನೋ.”

ಹುಡುಗಿಯ ಕಡೆಯವರು ಹೂಂ ಅಂದ ಮೇಲೆ ಹುಡುಗನ ಹಿರಿಯರು ಬರಬೇಕು, ಹುಡುಗಿಯ ಅಪ್ಪ ತಾನಾಗಿ ಹೋಗಿ ಕೇಳುವಂತಿಲ್ಲ. ಅದು ಈ ಭಾಗದ ಪದ್ಧತಿ. ಕಾಶೆಪ್ಪ ತಾನು ಹೂಂ ಅಂದಿದ್ದೇನೆಂದು ನಂಬಿ, ಎರಡು ತಿಂಗಳು ಆಟೋ ಸಪ್ಪಳಕ್ಕೆ ಎದ್ದೆದ್ದು ಬಾಗಿಲಿಗೆ ಹೋಗಿದ್ದ. ಒಬ್ಬರಿಗೆ ಮಾತು ಕೊಟ್ಟ ಮೇಲೆ ಇನ್ನೊಬ್ಬರಿಗೆ ಉತ್ತರಿಸಬಾರದೆಂದು ಲೋಹಾರಾದವನನ್ನು ಹಾಗೇ ಬಿಟ್ಟಿದ್ದ.

ಮೀನಲ ಕಟ್ಟೆಯ ಮೇಲೆ ಕೂತಳು. ಹೇಳಬಹುದಿತ್ತು. ಆದರೆ ಹೇಗೆ ಹೇಳುವುದು? ಅಪ್ಪನ ಕಣ್ಣಿಗೆ ಪೊರೆ ಬಂದದ್ದು ಅವಳೊಬ್ಬಳಿಗೇ ಗೊತ್ತಿತ್ತು. ಅವ್ವನಿಗೆ ಗೊತ್ತಾದರೆ ಅಂದೇ ಟ್ರ್ಯಾಕ್ಟರಿನ ಕೀಲಿ ಕಸಿದಿಡುತ್ತಾಳೆಂದು ಅವನು ಎರಡು ವರ್ಷದಿಂದ ಮುಚ್ಚಿಟ್ಟಿದ್ದ. ಕಲ್ಲು ಕಾಣದೆ ಎಡವಿದರೆ ಚಪ್ಪಲಿಗೆ ಬೈಯುತ್ತಿದ್ದ. ಅಂಥ ಅಪ್ಪನಿಗೆ, ನಿನಗೆ ಕಾಣಿಸಲಿಲ್ಲ, ನೀನೇ ನನ್ನ ಬಾಳು ಬೇಡ ಎಂದು ಒತ್ತಿದೆ ಅನ್ನಲೇ?

ಅವಳಿಂದ ಆಗಲಿಲ್ಲ.

ಮರುದಿನ ಸಾರಿಕಾಳ ನಂಬರಿಗೆ ಫೋನು ಹಚ್ಚಿ, ಕೈಮುಗಿದು ಕೇಳಿಕೊಂಡು, ವಿರೂಪಾಕ್ಷನಿಗೆ ಕೊಡಿಸಿದಳು. ಕಂಡದ್ದನ್ನೆಲ್ಲ, ಅಪ್ಪನ ಕಣ್ಣಿನ ಪೊರೆಯನ್ನೂ ಬಿಡದೆ, ಹೇಳಿದಳು.

ಆಮೇಲೆ ಅವನು ಒಂದೊಂದೇ ಬಿಚ್ಚಿದ. ಯಾರೂ ತಪ್ಪಿ ಹೂಂ ಎಂದು ಒತ್ತಿ ಮಾನ ಹೋಗಬಾರದೆಂದು, ಬೇಡ ಮೇಲಿರಲಿ, ಒಪ್ಪಿಗೆ ಕೆಳಗಿರಲಿ ಅಂದದ್ದು ಸಮಿತಿ. ಸಣ್ಣ ಫೋನಿಗೂ ಸಿಗಲಿ ಎಂದು ಬಾಗಿಲು ತೆರೆದಿಟ್ಟದ್ದು ತಾನು, ಅವಳ ಮೇಲಿನ ಆಣೆಗಾಗಿ. ಆದರೆ ಆ ಒಂದು ಪುಟವನ್ನು ಮಾತ್ರ ಅವಳಿಗೆ ಕಳಿಸಿ ಪರೀಕ್ಷೆ ಮಾಡಿಸಿರಲಿಲ್ಲ. ಅದೇ ಪುಟದಿಂದ ಅವಳನ್ನು ಕೇಳುವವನಿದ್ದನಲ್ಲ, ನಾಚಿಕೆ ಬಂದಿತ್ತು.

“ಈಗ ಅದನ್ನ ಅಳಿಸಾಕ ಬರಲ್ಲೇನ್ರಿ?”

“ಬರಲ್ಲ ಮೀನಲ. ಒಮ್ಮೆ ಉತ್ತರ ಕೊಟ್ರ ಮುಂದಿನ ಮೇಳಾವಾ ತನಕ ಯಾರೂ ಮುಟ್ಟಬಾರದಂತ ಕಟ್ಟಳಿ. ಹಂಗ ಕೀಲಿ ಹಾಕಿದಾಂವ ನಾನೇ... ನಿಮ್ಮಪ್ಪಗ ಹೇಳು.”

“ಆಗಲ್ರಿ. ಅವರು ಮುರದು ಹೋಗ್ತಾರ. ನೀವೂ ಅವರ ಕಣ್ಣಿನ ಮಾತು ಎತ್ತಬ್ಯಾಡ್ರಿ. ನನಗ ಮಾತು ಕೊಡ್ರಿ.”

ಅವನು ಮಾತು ಕೊಟ್ಟ. ಗುರುವಾರದ ಸಾಖರಪುಡಾದ ಸುದ್ದಿಯನ್ನೂ ಇವಳು ಹೇಳಿದಳು. ಆಮೇಲೂ ಇಬ್ಬರೂ ಫೋನು ಇಡಲಿಲ್ಲ. ಆ ಕಡೆ ಅವನ ಉಸಿರು ಕೇಳುತ್ತ ಅವಳು ಗೋಡೆಗೆ ಹಣೆ ಹಚ್ಚಿ ನಿಂತಿದ್ದಳು.

ಬುಧವಾರ ಮಧ್ಯಾಹ್ನ ಆಟೋ ನಿಂತ ಸಪ್ಪಳವಾಯಿತು. ಕಾಶೆಪ್ಪ ಏಳಲಿಲ್ಲ. ಏಳುವುದನ್ನು ಅವನು ಬಿಟ್ಟು ಎಷ್ಟೋ ದಿನವಾಗಿತ್ತು.

ಬಾಗಿಲಲ್ಲಿ ನಿಂತವನು ತನ್ನ ಹೆಸರು ಹೇಳಿದ. ರೊಟ್ಟಿ ಬಡಿಯುತ್ತಿದ್ದ ಮೀನಲಳ ಕೈ ನಿಂತಿತು.

ಕಾಶೆಪ್ಪ ಕೂಡಿಸಿದ, ನೀರು ಕೊಡಿಸಿದ, ಮುಖ ಮಾತ್ರ ಬಿಗಿದೇ ಇತ್ತು. ಎರಡು ತಿಂಗಳು ತಡ ಮಾಡಿ ಬಂದಿರಿ, ನಾಳೆ ನಮ್ಮಲ್ಲಿ ಸಾಖರಪುಡಾ ಇದೆ ಅಂದ. ವಿರೂಪಾಕ್ಷ ತಲೆ ಎತ್ತದೆ, ತನ್ನ ಆ್ಯಪಿನಲ್ಲಿ ಚೂಕು ಆಗಿದೆ, ನಿಮ್ಮ ಹೂಂ ನನ್ನ ತನಕ ಮುಟ್ಟಲಿಲ್ಲ, ಅದನ್ನು ಹೇಳಿ ಕ್ಷಮೆ ಕೇಳಲು ಬಂದೆ ಅಂದ.

“ಹೂಂ ಮುಟ್ಟಲಿಲ್ಲ, ಖರೆ. ಮತ್ತ ಏನ್ ಮುಟ್ತು?”

ವಿರೂಪಾಕ್ಷ ಸುಮ್ಮನಿದ್ದ. ಒಳಬಾಗಿಲಲ್ಲಿ ಮೀನಲ ಹಿಟ್ಟಿನ ಕೈಯನ್ನು ಎದೆಗೊತ್ತಿಕೊಂಡು ನಿಂತಿದ್ದಳು.

ಕಾಶೆಪ್ಪ ಹಳ್ಳಿಯವನಿರಬಹುದು, ದಡ್ಡನಲ್ಲ. ಒಮ್ಮೆ ಆ ಮೌನವನ್ನು, ಒಮ್ಮೆ ಮಗಳು ನಿಂತ ಕಡೆಯನ್ನು ನೋಡಿದ. ಕಿಸೆಯಿಂದ ಫೋನು ತೆಗೆದು ವಿರೂಪಾಕ್ಷನ ಮುಂದೆ ಹಿಡಿದ.

“ನಾ ಏನ್ ಒತ್ತೀನಿ? ಹೇಳು.”

“ಎರಡು ಗುಂಡಿ ಅವರೀ. ಒಂದು ನಿಮ್ಮ ಪರದಿ ಕೆಳಗ ಉಳದದ. ಅದು ಕಾಣಸ್ತದೋ ಇಲ್ಲೋ ನೋಡಬೇಕಾದಾಂವ ನಾ. ನಾ ನೋಡಲಿಲ್ಲ. ನಿಮ್ಮದೇನೂ ಚೂಕ್ ಇಲ್ಲ.”

“ಕಂಡಿದ್ದು ಒಂದೇ ಗುಂಡಿ,” ಅಂದ ಕಾಶೆಪ್ಪ, ತನಗೆ ತಾನೇ ಹೇಳಿಕೊಳ್ಳುವಂತೆ. “ಲಗ್ನದ ಆ್ಯಪಿನಾಗ ಒಂದೇ ಗುಂಡಿ ಇದ್ರ ಅದು ಹೂಂ ಅನ್ನೂದೇ ಇರ್ತದಂತ ತಿಳ್ಕೊಂಡೆ. ಅಕ್ಷರ ನಾ ಓದಲೇ ಇಲ್ಲ.”

ಅವನು ಮಗಳ ಕಡೆ ತಿರುಗಿದ. ನಿನಗೆ ಗೊತ್ತಿತ್ತೇ ಎಂದು ಕೇಳಿದ. ಸೋಮವಾರದಿಂದ ಗೊತ್ತಿದೆ ಎಂದು ಅವಳು ಬಾಯಿಬಿಟ್ಟಳು. ನಾಳೆ ನಿಲಂಗಾದವರ ಸಕ್ಕರೆ ತಿಂದು ಸುಮ್ಮನೆ ಹೋಗುವವಳಿದ್ದೆಯಾ ಅಂದ. ಅದಕ್ಕೆ ಅವಳಿಗೆ ಅಳು ಬಂತು.

“ಯಾಕ ಓದಲಿಲ್ಲ?” ಅಡಿಗೆಮನೆಯಿಂದ ಬಂದ ಪ್ರೇಮಾಬಾಯಿ ಕೇಳಿದಳು.

ಈಗ ಕಾಶೆಪ್ಪನಿಗೆ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಚಪ್ಪಲಿಗೆ ಬೈಯುವಂತಿರಲಿಲ್ಲ.

“ಕಣ್ಣು ಮಂಜ್ ಆಗ್ಯಾವ. ಎರಡು ವರ್ಷ ಆಯ್ತು.”

ಓಣಿ ಕೇಳುವಂತೆ ಬೈಯುತ್ತಾಳೆಂದು ಮೀನಲ ಹೆದರಿದ್ದಳು. ಪ್ರೇಮಾಬಾಯಿ ಬೈಯಲಿಲ್ಲ. ಗಂಡನ ಪಕ್ಕ ನೆಲದ ಮೇಲೆ ಕೂತು, ಸೆರಗಿನ ತುದಿಯಿಂದ ಅವನ ಕಣ್ಣು ಒರೆಸಿದಳು, ಒರೆಸಿದರೆ ಹೋಗುವ ಮಂಜೇನೋ ಎಂಬಂತೆ.

ಸ್ವಲ್ಪ ಹೊತ್ತಿನ ಮೇಲೆ ಕಾಶೆಪ್ಪ ಫೋನನ್ನು ಮಗಳಿಗೆ ಕೊಟ್ಟ.

“ನಿಲಂಗಾದವ್ರ ನಂಬರ್ ಹಚ್ಚಿ ಕೊಡವ್ವ. ನನಗ ಕಾಣಸಲ್ಲ.”

ಮೀನಲ ಹಚ್ಚಿ ಕೊಟ್ಟಳು. ಕಾಶೆಪ್ಪ ಎದ್ದು ನಿಂತು ಮಾತಾಡಿದ, ಹಿರಿಯರು ಎದುರಿಗೇ ಇದ್ದಾರೆಂಬಂತೆ. ಮರಾಠಿಯಲ್ಲಿ ಮೂರು ಸಲ ತಪ್ಪು ನನ್ನದು ಅಂದ. ತನ್ನ ಕಣ್ಣಿನ ಸುದ್ದಿಯನ್ನೂ ಮುಚ್ಚಿಡಲಿಲ್ಲ. ಆ ಕಡೆಯ ದನಿ ಏರಿತು. ಮಾತು ಕೊಟ್ಟು ತಪ್ಪುವವರು, ನಾಳೆಯ ಮಂದಿಗೆ ನಾವೇನು ಹೇಳುವುದು ಎಂಬುದೆಲ್ಲ ಕೋಣೆಯಲ್ಲಿದ್ದವರಿಗೂ ಕೇಳಿಸಿತು. ಕಾಶೆಪ್ಪ ಒಂದಕ್ಕೂ ಎದುರಾಡಲಿಲ್ಲ. ಆ ಕಡೆಯವರು ಫೋನು ಇಟ್ಟ ಮೇಲೂ ಅವನು ಅದನ್ನು ಕಿವಿಗೆ ಹಿಡಿದೇ ನಿಂತಿದ್ದ.

ಸಂತೋಷ ಪಡುವಂಥ ಗಳಿಗೆ ಅದಾಗಿರಲಿಲ್ಲ. ಸೋದರತ್ತೆ ಇನ್ನು ಎಷ್ಟು ವರ್ಷ ಈ ಮನೆಯ ಹೊಸ್ತಿಲು ತುಳಿಯುವುದಿಲ್ಲವೋ ಯಾರಿಗೆ ಗೊತ್ತು. ಮೇಳಾವಾದ ಆ್ಯಪಿನಲ್ಲಿ ಇವರ ಮನೆಯ ಉತ್ತರ ಬೇಡ ಎಂದೇ ಇತ್ತು, ಮುಂದಿನ ಡಿಸೆಂಬರಿನವರೆಗೆ ಹಾಗೇ ಇರುವುದಿತ್ತು. ಕಾಶೆಪ್ಪ ವಿರೂಪಾಕ್ಷನಿಗೆ ಇಷ್ಟೇ ಅಂದ: ಜಳಕೋಟದಿಂದ ನಿಮ್ಮ ತಾಯಿಯನ್ನು ಕರೆದುಕೊಂಡು ಬನ್ನಿ, ಈ ಸಲ ನನ್ನ ಬಾಯಿಂದಲೇ ಹೇಳುತ್ತೇನೆ.

ಮೀನಲ ಅವನನ್ನು ಆಟೋ ನಿಲ್ಲುವ ದಾರಿಯವರೆಗೆ ಕಳಿಸಲು ಬಂದಳು. ಕಡಲೆಯ ಹೊಲದ ಬದುವಿನ ಮೇಲೆ ಇಬ್ಬರೂ ಸ್ವಲ್ಪ ದೂರ ನಡೆದರು. ಅವಳ ಬೆರಳಲ್ಲಿ ಇನ್ನೂ ಹಿಟ್ಟು ಒಣಗಿತ್ತು.

ಅವನು ನಿಂತ.

“ಮೀನಲ, ಸಮಿತಿಯವರು ನಿಮ್ಮಪ್ಪನ ನಂಬರ್ ತಗೊಂಡ್ರು. ನಿಲಂಗಾದವರು ನಿಮ್ಮಪ್ಪನ್ನ ಕೇಳಿದ್ರು. ನಾನೂ ನಿಮ್ಮಪ್ಪನ್ನೇ ಕೇಳಿದೆ. ಇಷ್ಟೆಲ್ಲದರಾಗ ನಿನ್ನ ಯಾರೂ ಕೇಳಿಲ್ಲ.”

ಅವಳು ತಲೆಯಾಡಿಸಿದಳು. ಕೇಳಿರಲಿಲ್ಲ, ನಿಜ. ಅದು ತನಗೇ ಇಷ್ಟು ದಿನ ಹೊಳೆದಿರಲಿಲ್ಲವಲ್ಲ ಎಂದು ಅವಳಿಗೆ ಅಚ್ಚರಿಯಾಯಿತು.

“ನನ್ನ ಲಗ್ನ ಆಗ್ತೀ ಏನು?”

ಆರು ತಿಂಗಳಿಂದ ಈ ಮಾತಿಗೆ ಅವಳು ಎಷ್ಟು ಬಗೆಯ ಉತ್ತರ ಕಟ್ಟಿಟ್ಟಿದ್ದಳೋ. ಈಗ ಒಂದೂ ಬಾಯಿಗೆ ಬರಲೊಲ್ಲದು... ಅಷ್ಟರಲ್ಲಿ ಮಂದಿ ತುಂಬಿಕೊಂಡ ಆಟೋ ಬಂದು ಪಕ್ಕದಲ್ಲೇ ನಿಂತು ಹಾರ್ನ್ ಹೊಡೆಯಿತು. ಒಳಗಿನವರೆಲ್ಲ ಕತ್ತು ಹೊರಗೆ ಹಾಕಿದರು.

“ಮಂದಿ ಕೇಳ್ಲತ್ತಾರ್ರೀ,” ಅಂದಳು.

“ಕೇಳ್ಲಿ. ಅವರು ಹೋದ್ರ ಇನ್ನೊಂದು ಆಟೋ ಬರ್ತದ.”

ಅವನು ಕೈಯಿಂದ ಆಟೋಗೆ ಮುಂದೆ ಹೋಗೆಂದು ಸನ್ನೆ ಮಾಡಿದ. ಅದು ಧೂಳೆಬ್ಬಿಸಿ ಹೋಯಿತು. ಮೀನಲ ಧೂಳಿಗೆ ಕಣ್ಣು ಒರೆಸಿಕೊಂಡಳು, ಧೂಳಿಗೇ ಎಂದುಕೊಳ್ಳೋಣ.

“ಹೂಂ,” ಅಂದಳು.

“ಇನ್ನೊಮ್ಮೆ ಹೇಳು.”

“ಹೂಂ ಅಂದೀನಲ್ರೀ.”

ಅವನು ಬದುವಿನ ಮೇಲೆ ಕೂತುಬಿಟ್ಟ. ಅವಳೂ ಪಕ್ಕದಲ್ಲಿ ಕೂತಳು.